ಕಡಲು ಸೇರಿದ ಬಾಲದೊರೆ

ಅಂತೊಕುವಿಗೆ ಪಟ್ಟ ಕಟ್ಟಿದಾಗ ಅವನಿಗೆ ಒಂದೂಕಾಲು ವರ್ಷ. ಹುಟ್ಟಿದ್ದು 1178ರ ಡಿಸೆಂಬರಿನಲ್ಲಿ. 1180ರ ಮಾರ್ಚಿನಲ್ಲಿ ತಂದೆ ತಕಾಕುರಾ ಗದ್ದುಗೆ ಬಿಟ್ಟುಕೊಟ್ಟ, ಮಗು ಜಪಾನಿನ 81ನೆಯ ಚಕ್ರವರ್ತಿಯಾಯಿತು. ಬಿಟ್ಟುಕೊಡಿಸಿದವನು ತಾಯಿಯ ತಂದೆ, ತೈರಾ ಮನೆತನದ ಯಜಮಾನ ಕಿಯೊಮೊರಿ. ಮೊಮ್ಮಗ ಪಟ್ಟದಲ್ಲಿದ್ದರೆ ರಾಜ್ಯ ತನ್ನ ಕೈಯಲ್ಲಿ ಎಂಬುದು ಅವನ ಲೆಕ್ಕ. ಆ ವರ್ಷವೇ ಅವನು ಆಸ್ಥಾನವನ್ನು ಕ್ಯೋಟೋದಿಂದ ಈಗಿನ ಕೋಬೆ ನಗರದೊಳಗಿರುವ ಫುಕುಹಾರಕ್ಕೆ ಎತ್ತಿಸಿದ, ವರ್ಷ ಕಳೆಯುವ ಮೊದಲೇ ಮತ್ತೆ ಕ್ಯೋಟೋಗೆ ತಂದ. ಅಷ್ಟರಲ್ಲಿ ಪೂರ್ವದಲ್ಲಿ ಮಿನಾಮೊಟೊ ಮನೆತನ ದಂಗೆ ಎದ್ದಿತ್ತು.

ಈ ಮಗು ತಾನಾಗಿ ಆಳಿದ್ದು ಏನೂ ಇಲ್ಲ. ಆರು ವರ್ಷ ನಾಲ್ಕು ತಿಂಗಳಿಗೆ ಬದುಕೇ ಮುಗಿದುಹೋಯಿತು. ಆದರೆ ಅವನ ಸುತ್ತ ನಡೆದದ್ದರಲ್ಲಿ ಬಿಸಿಲು, ಗ್ರಹಣ, ಉಬ್ಬರವಿಳಿತಗಳ ಪಾಲು ಎಷ್ಟು ಎಂದು ನೋಡಹೊರಟರೆ, ಎಂಟು ಶತಮಾನ ಕಳೆದ ಮೇಲೂ ಸಾಕಷ್ಟು ಗೊತ್ತಾಗುತ್ತದೆ.

ಮೊದಲು ಬಂದದ್ದು ಬರ. ಆಗ ಕ್ಯೋಟೋದಲ್ಲಿದ್ದ ಕವಿ ಕಾಮೊ ನೊ ಚೋಮೈ 1212ರಲ್ಲಿ ಅದನ್ನು ನೆನೆದು ಬರೆದಿದ್ದಾನೆ. ವಸಂತ, ಬೇಸಿಗೆಯಲ್ಲಿ ಮಳೆಯಿಲ್ಲ. ಶರತ್ಕಾಲದಲ್ಲಿ ಬಿರುಗಾಳಿ, ನೆರೆ. ಉತ್ತರು, ಬಿತ್ತರು, ಆದರೆ ಕೊಯ್ಯಲು ಏನೂ ಉಳಿಯಲಿಲ್ಲ. ರಾಜಧಾನಿ ತಾನು ಬೆಳೆಯುವ ಊರಲ್ಲ, ಹಳ್ಳಿಗಳಿಂದ ಬರುವ ಧಾನ್ಯವೇ ಅದರ ಅನ್ನ. ಪೂರ್ವದ ಪ್ರಾಂತಗಳು ದಂಗೆಕೋರರ ಕೈಯಲ್ಲಿದ್ದವು, ಪಶ್ಚಿಮದಲ್ಲಿ ಪೈರು ಒಣಗಿತ್ತು. ಜನ ಮನೆ ಕಿತ್ತು ಸೌದೆ ಮಾರಿದರು. ಆ ಸೌದೆಯ ನಡುವೆ ಅಲ್ಲಲ್ಲಿ ಕುಂಕುಮಗೆಂಪು ಬಣ್ಣ, ಚಿನ್ನದ ರೇಕು ಹತ್ತಿದ ತುಂಡುಗಳು ಕಂಡವಂತೆ. ವಿಚಾರಿಸಿದರೆ, ಹಾಳು ದೇಗುಲಗಳ ಬುದ್ಧನ ವಿಗ್ರಹಗಳನ್ನು ಒಡೆದು ತಂದವು.

ಇಲ್ಲೇ ಚೋಮೈ ಇನ್ನೊಂದು ಸಂಗತಿ ಹೇಳುತ್ತಾನೆ. ಕನ್ನಡ ಓದುವವರು ಇಲ್ಲಿ ಒಂದು ಗಳಿಗೆ ನಿಲ್ಲಲೇಬೇಕು. ನಿನ್ನಾಜಿ ದೇಗುಲದ ರ್ಯೂಗ್ಯೋ ಎಂಬ ಸನ್ಯಾಸಿ ಬೀದಿಬೀದಿ ತಿರುಗಿ, ಸತ್ತು ಬಿದ್ದವರ ಹಣೆಯ ಮೇಲೆ ಒಂದು ಅಕ್ಷರ ಬರೆಯುತ್ತಾ ಹೋದ. ಆ ಅಕ್ಷರ ‘ಅ’. ಭಾರತದಿಂದ ಬೌದ್ಧ ಮಂತ್ರಗಳ ಜೊತೆ ಚೀನಾ ದಾಟಿ ಹೋದ ಸಿದ್ಧಂ ಲಿಪಿಯ ‘ಅ’. ನಮ್ಮ ಮಕ್ಕಳು ಸ್ಲೇಟಿನ ಮೇಲೆ ಮೊದಲು ತಿದ್ದುವ ‘ಅ’ ಕೂಡ ಅದೇ ಬ್ರಾಹ್ಮಿಯ ಬಳ್ಳಿಯದು. ಹುಟ್ಟುಸಾವು ದಾಟಿದ ನೆಲೆಯ ಗುರುತು ಅದು ಎಂಬುದು ಅವರ ನಂಬಿಕೆ. ಬರೆದದ್ದನ್ನು ಎಣಿಸಿಯೂ ಇಟ್ಟರು. ಎರಡು ತಿಂಗಳಲ್ಲಿ, ಊರಿನ ಪೂರ್ವ ಭಾಗವೊಂದರಲ್ಲೇ 42,300ಕ್ಕೂ ಹೆಚ್ಚು. ಸತ್ತವರನ್ನು ಎಣಿಸುವುದಕ್ಕೆ ಇದಕ್ಕಿಂತ ಮರ್ಯಾದೆಯ ದಾರಿ ಇನ್ನೊಂದು ನನಗೆ ಗೊತ್ತಿಲ್ಲ.

1181ರಲ್ಲಿ ಕಿಯೊಮೊರಿ ಜ್ವರದಿಂದ ತೀರಿಕೊಂಡ. 1183ರಲ್ಲಿ ಮಿನಾಮೊಟೊ ಪಡೆ ರಾಜಧಾನಿಯ ಹತ್ತಿರ ಬಂದಾಗ ತೈರಾದವರು ಮಗುವನ್ನೂ ರಾಜಚಿಹ್ನೆಗಳಾದ ಕನ್ನಡಿ, ಕತ್ತಿ, ಮಣಿಗಳನ್ನೂ ಕಟ್ಟಿಕೊಂಡು ಪಶ್ಚಿಮಕ್ಕೆ ಓಡಿದರು. ಹಿಂದೆ ಕ್ಯೋಟೋದಲ್ಲಿ ಅವನ ತಮ್ಮ ಗೊ-ತೊಬನಿಗೆ, ಆ ಚಿಹ್ನೆಗಳಿಲ್ಲದೆಯೇ, ಪಟ್ಟವಾಯಿತು. ನಾಡಿಗೆ ಒಂದೇ ಸಲಕ್ಕೆ ಇಬ್ಬರು ಚಕ್ರವರ್ತಿಗಳು, ಇಬ್ಬರೂ ಹಸುಳೆಗಳು.

ಅದೇ ವರ್ಷದ ನವೆಂಬರ್ 17ರಂದು, ಈಗಿನ ಒಕಾಯಾಮಾ ಪ್ರಾಂತದ ಮಿಜುಶಿಮಾ ಕಡಲಿನಲ್ಲಿ ಕಾಳಗ. ನಡುವೆ ಹಗಲು ಮಂಕಾಯಿತು, ಮಿನಾಮೊಟೊ ಸೈನಿಕರು ದಿಕ್ಕೆಟ್ಟು ಚದುರಿದರು ಎಂದು ಹಳೆಯ ಕಥನವೊಂದು ಹೇಳುತ್ತದೆ. ಇದು ಕಥೆ ಕಟ್ಟಿದವರ ಕಲ್ಪನೆಯಲ್ಲ. ಸೂರ್ಯಚಂದ್ರರ ಗತಿಯನ್ನು ಹಿಂದಕ್ಕೆ ಲೆಕ್ಕ ಹಾಕಿದರೆ ಆ ದಿನ ಕಂಕಣ ಗ್ರಹಣ ಸಿಗುತ್ತದೆ. ಗೆದ್ದವರು ತೈರಾದವರು. ವರ್ಷಗಟ್ಟಲೆ ಆಸ್ಥಾನದಲ್ಲಿದ್ದು, ಅಲ್ಲಿಯ ಪಂಚಾಂಗದವರ ಜೊತೆ ಬಳಕೆಯಿದ್ದವರಿಗೆ ಗ್ರಹಣ ಬರುವುದು ಮೊದಲೇ ತಿಳಿದಿದ್ದಿರಬಹುದು ಎಂಬ ಊಹೆಯಿದೆ. ಅದನ್ನು ಸಾಬೀತು ಮಾಡಲಾಗದು. ಆದರೆ ಅಮಾವಾಸ್ಯೆಯ ಲೆಕ್ಕ ಬಲ್ಲವನಿಗೂ ಬಾರದವನಿಗೂ ಆ ಕತ್ತಲು ಒಂದೇ ಆಗಿರಲಿಲ್ಲ.

ಗೆಲುವು ಹೆಚ್ಚು ಕಾಲ ಉಳಿಯಲಿಲ್ಲ. 1185ರ ಏಪ್ರಿಲ್ 25, ದಾನ್-ನೊ-ಉರಾ. ಹೊನ್ಶು, ಕ್ಯೂಶು ದ್ವೀಪಗಳ ನಡುವಿನ ಕಾನ್‌ಮೊನ್ ಜಲಸಂಧಿಯ ಬಾಯಿ ಅದು. ಒಂದು ಕಡೆ ಬರಿಯ 650 ಮೀಟರಿನಷ್ಟು ಕಿರಿದಾಗುತ್ತದೆ. ದಿನಕ್ಕೆ ನಾಲ್ಕು ಸಲ ಸೆಳೆತ ದಿಕ್ಕು ಬದಲಿಸುತ್ತದೆ, ಜೋರಿದ್ದಾಗ ಗಂಟೆಗೆ 18 ಕಿಲೋಮೀಟರಿನ ಆಸುಪಾಸು. ಬೆಳಗಿನ ಸೆಳೆತ ತೈರಾ ದೋಣಿಗಳನ್ನು ಮುಂದೆ ನೂಕಿತು, ಮಧ್ಯಾಹ್ನ ತಿರುಗಿ ಅವರನ್ನೇ ಮುಳುಗಿಸಿತು ಎಂಬ ವಿವರಣೆಯನ್ನು 1914ರಲ್ಲಿ ಇತಿಹಾಸಕಾರ ಕುರೊಇತಾ ಕತ್ಸುಮಿ ಕೊಟ್ಟರು. ಕೇಳಲು ಚೆಂದ, ಇಂದಿಗೂ ಜನಪ್ರಿಯ. ನನಗೆ ತೊಡಕಾಗುವುದು ಆ ದಿನದ ತಿಥಿ. ಜಪಾನಿನ ಚಾಂದ್ರಮಾನದಲ್ಲಿ ಅದು ಮೂರನೆಯ ತಿಂಗಳ 24ನೆಯ ದಿನ, ನಮ್ಮ ಲೆಕ್ಕದಲ್ಲಿ ಹೆಚ್ಚುಕಡಿಮೆ ಕೃಷ್ಣಪಕ್ಷದ ನವಮಿ. ಉಬ್ಬರ ಭರ್ಜರಿಯಾಗುವುದು ಹುಣ್ಣಿಮೆ, ಅಮಾವಾಸ್ಯೆಗಳ ಸುತ್ತ. ಅಷ್ಟಮಿ, ನವಮಿಯ ಹೊತ್ತಿಗೆ ಸೂರ್ಯ ಒಂದು ಕಡೆ, ಚಂದ್ರ ಅಡ್ಡಲಾಗಿ ಇನ್ನೊಂದು ಕಡೆ ಎಳೆಯುವುದರಿಂದ ನೀರಿನ ಏರಿಳಿತ ತಗ್ಗಿರುತ್ತದೆ. ಈಚೆಗೆ ಮಾಡಿದ ಲೆಕ್ಕಗಳೂ ಅಂದಿನ ಸೆಳೆತ ಅಷ್ಟು ಬಿರುಸಾಗಿರಲಿಲ್ಲ ಎನ್ನುತ್ತವೆ. ಸೋಲಿಗೆ ಕಡಲನ್ನು ದೂರುವುದು ಸುಲಭ. ತೈರಾ ಪಾಳಯದವರೇ ಕೆಲವರು ಆ ದಿನ ಪಕ್ಷ ಬದಲಿಸಿದ್ದರು.

ಸೋಲು ಖಚಿತವಾದಾಗ ಅಜ್ಜಿ ತೊಕಿಕೊ ಮೊಮ್ಮಗನನ್ನು ಎತ್ತಿಕೊಂಡು ದೋಣಿಯ ಅಂಚಿಗೆ ಬಂದಳು. ಎಲ್ಲಿಗೆ ಕರೆದೊಯ್ಯುತ್ತಿದ್ದೀ ಎಂದು ಮಗು ಕೇಳಿತಂತೆ. ಅಲೆಗಳ ಕೆಳಗೂ ಒಂದು ರಾಜಧಾನಿಯಿದೆ ಎಂದು ಅಜ್ಜಿ ಹಾರಿದಳು. ಮಣಿಯ ಪೆಟ್ಟಿಗೆ ತೇಲಿ ಸಿಕ್ಕಿತು, ಕನ್ನಡಿಯೂ ಉಳಿಯಿತು. ಕತ್ತಿ ಸಿಗಲಿಲ್ಲ. ತಾಯಿ ತೊಕುಕೊ ಕೂಡ ನೀರಿಗೆ ಬಿದ್ದವಳೇ; ಶತ್ರುಗಳು ಅವಳ ಕೂದಲಿಗೆ ಕೊಕ್ಕೆ ಹಾಕಿ ಮೇಲೆಳೆದರು. ಉಳಿದ ಆಯುಷ್ಯವನ್ನು ಅವಳು ಸನ್ಯಾಸಿನಿಯಾಗಿ ಕಳೆದಳು.

ಆ ಕಡಲಲ್ಲಿ ಒಂದು ಏಡಿಯಿದೆ. ಬೆನ್ನಚಿಪ್ಪು ನಮ್ಮ ಹತ್ತು ರೂಪಾಯಿ ನಾಣ್ಯದಷ್ಟು ಅಗಲ. ಅದರ ಮೇಲೆ ಹುಬ್ಬು ಗಂಟಿಕ್ಕಿದ, ಬಾಯಿ ಬಿಗಿದ ಮುಖ. ಸತ್ತ ತೈರಾ ಯೋಧರೇ ಹೀಗಾದರು ಎಂದು ಜನ ಅದನ್ನು ‘ಹೇಕೆ ಏಡಿ’ ಎಂದರು. ಹೇಕೆ ಎಂದರೆ ತೈರಾ ಮನೆತನ. 1952ರಲ್ಲಿ ಜೀವವಿಜ್ಞಾನಿ ಜೂಲಿಯನ್ ಹಕ್ಸ್ಲಿ ಇದಕ್ಕೊಂದು ವಿವರಣೆ ಹೇಳಿದರು: ಮುಖ ಕಂಡ ಏಡಿಗಳನ್ನು ಬೆಸ್ತರು ಹೆದರಿ ನೀರಿಗೆ ಬಿಟ್ಟರು, ಕಾಣದವನ್ನು ತಿಂದರು, ಹೀಗೆ ತಲೆಮಾರುಗಳಲ್ಲಿ ಮುಖ ಸ್ಪಷ್ಟವಾಯಿತು. ಖಗೋಳವಿಜ್ಞಾನಿ ಕಾರ್ಲ್ ಸೇಗನ್ ಅದನ್ನು ಜಗತ್ತಿಗೆಲ್ಲ ಹೇಳಿದರು. ಆದರೆ ಈ ಏಡಿಯನ್ನು ಯಾರೂ ತಿನ್ನುವುದಿಲ್ಲ, ತಿನ್ನಲು ಅದರಲ್ಲಿ ಮಾಂಸವೇ ಇಲ್ಲ. ಮುಖವಿದ್ದರೂ ಇಲ್ಲದಿದ್ದರೂ ಬಲೆಯಿಂದ ಕೊಡವಿ ಎಸೆಯುವುದೇ. 1993ರಲ್ಲಿ ಪ್ರಾಣಿವಿಜ್ಞಾನಿ ಜೋಯೆಲ್ ಮಾರ್ಟಿನ್ ಇದನ್ನು ಎತ್ತಿ ತೋರಿಸಿದರು. ಚಿಪ್ಪಿನ ಆ ಗೆರೆಗಳು ಒಳಗಡೆ ಸ್ನಾಯುಗಳು ಅಂಟಿಕೊಳ್ಳುವ ಜಾಗಗಳು. ತೈರಾ ಕಥೆಯ ಗಂಧವಿಲ್ಲದ ಚೀನಾದ ಕಡಲಿನಲ್ಲೂ ಇದೇ ಏಡಿ, ಇದೇ ಮುಖ. ಎರಡು ಚುಕ್ಕೆ, ಕೆಳಗೊಂದು ಗೆರೆ ಕಂಡರೆ ಸಾಕು, ನಮ್ಮ ಮಿದುಳು ಅದನ್ನು ಮುಖವೆಂದು ಓದುತ್ತದೆ. ಮೋಡದಲ್ಲೂ ಬಂಡೆಯಲ್ಲೂ ನಾವು ಮುಖ ಕಾಣುವುದು ಹಾಗೆಯೇ.

ಈ ಏಡಿಯ ಹಿಂಬದಿಯ ನಾಲ್ಕು ಕಾಲುಗಳು ಗಿಡ್ಡ, ಬೆನ್ನಿನ ಮೇಲಕ್ಕೆ ಬಾಗಿರುತ್ತವೆ. ಅವುಗಳಿಂದ ಅದು ಒಂದು ಕಪ್ಪೆಚಿಪ್ಪನ್ನು ಹಿಡಿದು ಬೆನ್ನ ಮೇಲೆ ಹೊದ್ದುಕೊಂಡು ಕಡಲ ತಳದಲ್ಲಿ ಓಡಾಡುತ್ತದೆ. ನೀರಿನಡಿಯಲ್ಲಿ ಆ ಮುಖ ಮುಚ್ಚಿಯೇ ಇರುತ್ತದೆ. ಬಲೆ ಮೇಲೆ ಬಂದು, ಹೊದ್ದ ಚಿಪ್ಪು ಜಾರಿ ಬಿದ್ದಾಗಲೇ ಅದು ನಮಗೆ ಕಾಣುವುದು.