ಬ್ಲಾಕ್‌ನಲ್ಲಿ ನಿಂತರೆ ಆಫ್, ಅರ್ಧ ಗಂಟೆ ಬಿಟ್ಟರೆ ಸ್ಟಾರ್ಟ್: ಹಳೇ ಪದ್ಮಿನಿಗೆ ಏನಾಗಿದೆ?

ಓದುಗರ ಪ್ರಶ್ನೆ: ನಮ್ಮ ಮನೆಯಲ್ಲಿ ಅಜ್ಜನ ಕಾಲದ ಒಂದು ಪ್ರೀಮಿಯರ್ ಪದ್ಮಿನಿ ಕಾರು ಇದೆ, ಪೆಟ್ರೋಲ್. ಈಗ ನಾನು ಓಡಿಸ್ತಾ ಇದ್ದೇನೆ, ರಿಪೇರಿ ವಿಷಯ ಏನೂ ಗೊತ್ತಿಲ್ಲ. ಬೆಳಗ್ಗೆ ಒಂದೇ ಸೆಲ್ಫಿಗೆ ಸ್ಟಾರ್ಟ್ ಆಗ್ತದೆ. ಪೆರ್ಲದಿಂದ ಬದಿಯಡ್ಕ ದಾಟಿ ಚೆರ್ಕಳದವರೆಗೆ ತಕರಾರಿಲ್ಲ. ಅಲ್ಲಿ ಹೆದ್ದಾರಿಯ ಬ್ಲಾಕ್‌ನಲ್ಲಿ ಐದು ಹತ್ತು ನಿಮಿಷ ನಿಂತರೆ ಆಫ್ ಆಗ್ತದೆ, ಮತ್ತೆ ಎಷ್ಟು ಹೊಡೆದರೂ ಎತ್ತುವುದಿಲ್ಲ. ಅರ್ಧ ಗಂಟೆ ಕಳೆದರೆ ಏನೂ ಆಗದ ಹಾಗೆ ಸ್ಟಾರ್ಟ್! ಗ್ಯಾರೇಜಿಗೆ ಕೊಂಡುಹೋದರೆ ಅಲ್ಲಿ ಸರಿಯಾಗಿಯೇ ಇರ್ತದೆ. ಕಾಯಿಲ್ ಹೊಸದು ಹಾಕಿಸಿ ಆಯ್ತು. ಇನ್ನೇನು ಮಾಡುವುದು?

ಉತ್ತರ: ನಿಮ್ಮ ಪ್ರಶ್ನೆಯಲ್ಲೇ ಅರ್ಧ ಉತ್ತರ ಇದೆ. ಗ್ಯಾರೇಜ್ ಮುಟ್ಟುವಷ್ಟರಲ್ಲಿ ಗಾಡಿ ತಣ್ಣಗಾಗಿರುತ್ತದೆ, ದೋಷ ಮಾಯವಾಗಿರುತ್ತದೆ. ಇಲ್ಲದ ದೋಷವನ್ನು ಯಾವ ಮೆಕ್ಯಾನಿಕ್‌ಗೂ ಹುಡುಕಲು ಆಗದು. ಅವರು ಅಂದಾಜಿನ ಮೇಲೆ ಒಂದೊಂದೇ ಪಾರ್ಟ್ ಬದಲಿಸುತ್ತಾರೆ, ಮೊದಲ ಬಲಿ ಯಾವಾಗಲೂ ಕಿಡಿಗೆ ಬೇಕಾದ ಹೆಚ್ಚಿನ ವೋಲ್ಟೇಜ್ ಕೊಡುವ ಕಾಯಿಲ್. ಪರೀಕ್ಷೆ ಆಗಬೇಕಾದ್ದು ಚೆರ್ಕಳದಲ್ಲಿ, ಆಫ್ ಆದ ಮೊದಲ ಐದು ನಿಮಿಷದಲ್ಲಿ. ಅದನ್ನು ನೀವೇ ಮಾಡಬೇಕು, ಮಾಡಲು ಕಷ್ಟವೂ ಇಲ್ಲ.

ಡಿಕ್ಕಿಯಲ್ಲಿ ಇಷ್ಟು ಇರಲಿ: ಪ್ಲಗ್ ಪಾನಾ, ಸ್ಕ್ರೂ ಡ್ರೈವರ್, ಹಿಡಿಗೆ ರಬ್ಬರ್ ಇರುವ ಇಕ್ಕಳ, ಎರಡು ವಯರ್ ಕಟ್ಟಿದ 12 ವೋಲ್ಟಿನ ಸಣ್ಣ ಬಲ್ಬ್, ಎರಡು ಬಾಟಲಿ ನೀರು, ಒಂದು ಹಳೇ ಬೈರಾಸು (ಟವಲ್).

ಆಫ್ ಆದದ್ದು ಹೇಗೆ ಎಂಬುದನ್ನು ಮೊದಲು ನೆನಪಿಟ್ಟುಕೊಳ್ಳಿ. ಸ್ವಿಚ್ ಆರಿಸಿದ ಹಾಗೆ ಒಮ್ಮೆಗೇ ನಿಂತರೆ ಹೆಚ್ಚಾಗಿ ಕರೆಂಟಿನ ದೋಷ. ಕೆಮ್ಮಿ, ಎಳೆದು, ರೇಸ್ ಕೊಟ್ಟರೂ ಏರದೆ ನಿಂತರೆ ಪೆಟ್ರೋಲ್ ಸಾಲುತ್ತಿಲ್ಲ. ಉಷ್ಣತೆಯ ಮುಳ್ಳು ಎಲ್ಲಿದೆ ಎಂದೂ ನೋಡಿ. ಅದು ಕೆಂಪಿಗೆ ಏರಿದ್ದರೆ ರೇಡಿಯೇಟರ್, ಫ್ಯಾನ್ ಬೆಲ್ಟ್, ಥರ್ಮೋಸ್ಟಾಟ್ ನೋಡಿಸಿ, ಅದು ಬೇರೆಯೇ ಕಥೆ. ಬಿಸಿ ಇರುವಾಗ ರೇಡಿಯೇಟರ್ ಮುಚ್ಚಳಕ್ಕೆ ಕೈ ಹಾಕಬೇಡಿ. ಮುಳ್ಳು ಮಾಮೂಲಿ ಜಾಗದಲ್ಲೇ ಇದ್ದರೆ ಮುಂದೆ ಓದಿ.

ಕಿಡಿಯ ಪರೀಕ್ಷೆ ಮೊದಲು, ಪೆಟ್ರೋಲ್ ಪೈಪ್ ಬಿಚ್ಚುವುದು ಆಮೇಲೆ. ಈ ಕ್ರಮ ತಪ್ಪಬಾರದು, ಚೆಲ್ಲಿದ ಪೆಟ್ರೋಲ್ ಪಕ್ಕದಲ್ಲಿ ಕಿಡಿ ಹಾರಿಸಿದರೆ ಗಾಡಿಯೇ ಉಳಿಯದು. ಪ್ಲಗ್‌ಗಳಿಗೆ ಕಿಡಿ ಹಂಚುವ ಡಿಸ್ಟ್ರಿಬ್ಯೂಟರ್‌ನ ಮುಚ್ಚಳದ ನಡುವಿನ ದಪ್ಪ ವಯರನ್ನು ಎಳೆದು ತೆಗೆಯಿರಿ. ಇಕ್ಕಳದಲ್ಲಿ ಹಿಡಿದು ಅದರ ತುದಿಯನ್ನು ಎಂಜಿನ್ನಿನ ಬಣ್ಣವಿಲ್ಲದ ಕಬ್ಬಿಣದಿಂದ ಸುಮಾರು 6 ಮಿ.ಮೀ. ದೂರದಲ್ಲಿ ಇಟ್ಟು, ಇನ್ನೊಬ್ಬರ ಹತ್ತಿರ ಸೆಲ್ಫ್ ಹೊಡೆಸಿ. ಟಪ್ ಟಪ್ ಎಂದು ಸದ್ದು ಮಾಡುವ ನೀಲಿ ಕಿಡಿ ಬಂದರೆ ಕಾಯಿಲ್, ಪಾಯಿಂಟ್ (ಡಿಸ್ಟ್ರಿಬ್ಯೂಟರ್ ಒಳಗೆ ಕಾಯಿಲ್ಲಿನ ಕರೆಂಟನ್ನು ಕೊಟ್ಟು ಕಡಿಯುವ ಸ್ವಿಚ್), ಕಂಡೆನ್ಸರ್ (ಪಾಯಿಂಟ್ ಸುಡದಂತೆ ತಡೆಯುವ ಸಣ್ಣ ಡಬ್ಬಿ) ಮೂರೂ ಕೆಲಸ ಮಾಡುತ್ತಿವೆ. ವಯರನ್ನು ವಾಪಸ್ ಸಿಕ್ಕಿಸಿ ಒಂದು ಪ್ಲಗ್ಗಿನಲ್ಲೂ ಕಿಡಿ ನೋಡಿ. ಅಲ್ಲಿ ಇಲ್ಲವಾದರೆ ಮುಚ್ಚಳದೊಳಗೆ ತಿರುಗುವ ರೋಟರ್ ಅಥವಾ ಮುಚ್ಚಳವೇ ಬಿರುಕು ಬಿಟ್ಟಿರಬಹುದು.

ಕಾಯಿಲ್ ವಯರಿನಲ್ಲೇ ಕಿಡಿ ಇಲ್ಲ, ಅಥವಾ ಹಳದಿಯಾಗಿ ಸೊರಗಿದೆ ಎಂದಾದರೆ ಬಲ್ಬ್ ತೆಗೆದುಕೊಳ್ಳಿ. ಒಂದು ವಯರ್ ಗಾಡಿಯ ಬಾಡಿಯ ಕಬ್ಬಿಣಕ್ಕೆ, ಇನ್ನೊಂದು ಕಾಯಿಲ್ಲಿಗೆ ಸ್ವಿಚ್ಚಿನಿಂದ ಕರೆಂಟ್ ಬರುವ ತುದಿಗೆ. ಕೀ ಆನ್ ಇರುವಾಗ ಉರಿಯದಿದ್ದರೆ ದೋಷ ಸ್ವಿಚ್ ಅಥವಾ ವಯರಿಂಗ್‌ನಲ್ಲಿ. ಉರಿದರೆ ಅದೇ ವಯರನ್ನು ಡಿಸ್ಟ್ರಿಬ್ಯೂಟರ್ ಕಡೆಯ ತುದಿಗೆ ಮುಟ್ಟಿಸಿ ಸೆಲ್ಫ್ ಹೊಡೆಸಿ. ಪಾಯಿಂಟ್ ತೆರೆದಾಗ ಬಲ್ಬ್ ಉರಿಯಬೇಕು, ಮುಚ್ಚಿದಾಗ ಆರಬೇಕು, ಅಂದರೆ ಮಿಣುಕಬೇಕು. ಮಿಣುಕದೆ ಉರಿಯುತ್ತಲೇ ಇದ್ದರೆ ಪಾಯಿಂಟ್ ಮುಚ್ಚುತ್ತಿಲ್ಲ, ಇಲ್ಲವೇ ಅದರ ಮುಖ ಕರಕಲಾಗಿದೆ. ಉರಿಯುವುದೇ ಇಲ್ಲವಾದರೆ ಪಾಯಿಂಟ್ ತೆರೆಯುತ್ತಿಲ್ಲ, ಕಂಡೆನ್ಸರ್ ಒಳಗೇ ಶಾರ್ಟ್ ಆಗಿದೆ, ಅಥವಾ ಕಾಯಿಲ್ಲಿನ ಒಳಗಿನ ತಂತಿ ಬಿಟ್ಟಿದೆ. ಸರಿಯಾಗಿ ಮಿಣುಕಿಯೂ ಕಿಡಿ ಇಲ್ಲದಿದ್ದರೆ ಉಳಿಯುವುದು ಕಾಯಿಲ್ ಮತ್ತು ಕಂಡೆನ್ಸರ್ ಎರಡೇ. ಮೊದಲು ಕಂಡೆನ್ಸರ್ ಬದಲಿಸಿ. ಕಾಯಿಲ್ಲಿಗಿಂತ ಎಷ್ಟೋ ಅಗ್ಗ, ಈಗ ಸಿಗುವ ಹೊಸದರ ಮೇಲೆ ನಂಬಿಕೆ ಇಡುವ ಹಾಗೂ ಇಲ್ಲ, ಬಿಸಿಯಾದಾಗ ಕೈಕೊಟ್ಟು ತಣ್ಣಗಾದಾಗ ಸರಿಯಾಗುವ ಚಾಳಿ ಅದಕ್ಕೂ ಉಂಟು.

ನಿಮ್ಮ ಹೊಸ ಕಾಯಿಲ್ ಬಗ್ಗೆ ಒಂದು ಮಾತು. ಬ್ಯಾಲಸ್ಟ್ ರೆಸಿಸ್ಟರ್ (ಕಾಯಿಲ್ಲಿಗೆ ಹೋಗುವ ಕರೆಂಟನ್ನು ತಗ್ಗಿಸುವ ಭಾಗ) ಇಲ್ಲದ ಹಳೇ ಗಾಡಿಗೆ ಬೇಕಾದದ್ದು ಸುಮಾರು 3 ಓಮ್‌ನ ಕಾಯಿಲ್. ಅಂಗಡಿಯಲ್ಲಿ ಕೆಲವೊಮ್ಮೆ ಬ್ಯಾಲಸ್ಟ್ ಜೊತೆ ಹಾಕುವ 1.5 ಓಮ್‌ನದ್ದನ್ನು ಕೊಡುತ್ತಾರೆ, ನೋಡಲಿಕ್ಕೆ ಎರಡೂ ಒಂದೇ. ಅದರಲ್ಲಿ ಹೆಚ್ಚುಕಡಿಮೆ ಎರಡು ಪಟ್ಟು ಕರೆಂಟ್ ಹರಿದು ಕಾಯಿಲ್ ಬಿಸಿಯಾಗುತ್ತದೆ, ಪಾಯಿಂಟ್ ಸುಡುತ್ತದೆ. ವಯರ್ ಬಿಚ್ಚಿ, ಮಲ್ಟಿಮೀಟರನ್ನು ಎರಡು ಸಣ್ಣ ತುದಿಗಳಿಗೆ ಇಟ್ಟರೆ ಅರ್ಧ ನಿಮಿಷದಲ್ಲಿ ಗೊತ್ತಾಗುತ್ತದೆ. ಎಂಜಿನ್ ನಿಂತಿರುವಾಗ ಕೀ ಆನ್ ಇಟ್ಟು ಹರಟುತ್ತಾ ಕೂತರೂ ಕಾಯಿಲ್ ಸುಡುತ್ತದೆ.

ಇಷ್ಟಾಗಿಯೂ ನಿಮ್ಮ ಗಾಡಿಯಲ್ಲಿ ಕಿಡಿ ಚೆನ್ನಾಗಿಯೇ ಬರಬಹುದು ಎಂದು ನಮ್ಮ ಅಂದಾಜು. ಓಡುವಾಗ ಏನೂ ಇಲ್ಲ, ನಿಂತಾಗ ಮಾತ್ರ ಆಫ್ ಎಂಬುದು ವೇಪರ್ ಲಾಕ್‌ನ ಗುರುತು, ಅಂದರೆ ಪೆಟ್ರೋಲ್ ದಾರಿಯಲ್ಲೇ ಆವಿಯಾಗಿ ಹರಿವು ಕಟ್ಟುವುದು. ಪದ್ಮಿನಿಯ 1089 ಸಿಸಿ ಎಂಜಿನ್ನಿನಲ್ಲಿ ಪೆಟ್ರೋಲ್ ಎತ್ತುವುದು ಎಂಜಿನ್ನಿಗೇ ಕೂರಿಸಿದ ಪಂಪ್, ಮೆಕ್ಯಾನಿಕ್‌ಗಳು ಎ.ಸಿ. ಪಂಪ್ ಎನ್ನುವುದು ಇದನ್ನೇ. ಹಿಂದಿನ ಟ್ಯಾಂಕಿನಿಂದ ಪಂಪಿನವರೆಗೆ ಪೆಟ್ರೋಲ್ ಬರುವುದು ಎಳೆತದಿಂದ. ಎಳೆತ ಇದ್ದಲ್ಲಿ ಒತ್ತಡ ಕಡಿಮೆ, ಒತ್ತಡ ಕಡಿಮೆಯಾದರೆ ಬೇಗ ಕುದಿಯುತ್ತದೆ. ಗಾಡಿ ನಿಂತಾಗ ಬಾನೆಟ್ಟಿನೊಳಗೆ ಗಾಳಿ ಆಡುವುದಿಲ್ಲ, ಐಡ್ಲಿಂಗ್‌ನಲ್ಲಿ ಪೆಟ್ರೋಲ್ ಹರಿಯುವುದೂ ಸ್ವಲ್ಪವೇ, ಆ ಸ್ವಲ್ಪ ಪಂಪಿನೊಳಗೆ ಕೂತು ಬಿಸಿಯಾಗುತ್ತದೆ. ಆವಿಯಾದ ಮೇಲೆ ಪಂಪ್ ಬರೀ ಆವಿಯನ್ನೇ ಹಿಂಡುತ್ತಾ ಇರುತ್ತದೆ. ಈಗಿನ ಪೆಟ್ರೋಲಿನಲ್ಲಿ ಶೇ 20ರ ವರೆಗೆ ಎಥನಾಲ್ ಇದ್ದು, ಹಳೇ ಕಾರ್ಬುರೇಟರ್ ಗಾಡಿಗಳಿಗೆ ಈ ಕಾಟ ಹೆಚ್ಚು. ತಲಪಾಡಿಯ ಗಡಿ ದಾಟಿ ಕರ್ನಾಟಕದಲ್ಲಿ ಹಾಕಿಸಿದರೆ ದುಡ್ಡು ಉಳಿದೀತು, ಎಥನಾಲ್ ಏನೂ ಕಡಿಮೆಯಾಗದು.

ಇದನ್ನು ಖಚಿತ ಮಾಡಲು ಬೈರಾಸು ಸಾಕು. ನೀರಿನಲ್ಲಿ ಅದ್ದಿ, ಹಿಂಡಿ, ಪಂಪಿನ ಮೇಲೂ ಅದಕ್ಕೆ ಬರುವ ಪೈಪಿನ ಮೇಲೂ ಸುತ್ತಿ. ಮೇಲಿನಿಂದ ಸ್ವಲ್ಪ ಸ್ವಲ್ಪವೇ ನೀರು ಹನಿಸಿ, ಡಿಸ್ಟ್ರಿಬ್ಯೂಟರಿಗೂ ಸುಡುವ ಸೈಲೆನ್ಸರ್ ಪೈಪಿಗೂ ತಾಗದಂತೆ. ಬಟ್ಟೆಯಿಂದ ಹಬೆ ಏಳುತ್ತದೆ. ಮೂರು ನಾಲ್ಕು ನಿಮಿಷದಲ್ಲಿ ಬಟ್ಟೆ ತಣ್ಣಗೇ ಉಳಿಯತೊಡಗಿದಾಗ ಸೆಲ್ಫ್ ಹೊಡೆಯಿರಿ. ಅರ್ಧ ಗಂಟೆ ಕಾಯಿಸುತ್ತಿದ್ದ ಗಾಡಿ ಐದು ನಿಮಿಷದಲ್ಲಿ ಎದ್ದರೆ ವೇಪರ್ ಲಾಕ್ ಎಂದೇ ತಿಳಿಯಿರಿ. ಏಳದಿದ್ದರೆ ಇನ್ನೊಮ್ಮೆ ಆಫ್ ಆದಾಗ ಇದೇ ಪ್ರಯೋಗವನ್ನು ಕಾಯಿಲ್ ಮೇಲೆ ಮಾಡಿ. ಎರಡನ್ನೂ ಒಟ್ಟಿಗೆ ತಣಿಸಬೇಡಿ, ಯಾವುದರಿಂದ ಸರಿಯಾಯಿತು ಎಂದು ತಿಳಿಯದೆ ಹೋಗುತ್ತದೆ.

ವೇಪರ್ ಲಾಕ್‌ನ ವೇಷ ಹಾಕಿ ಬರುವ ಇನ್ನೆರಡು ಉಂಟು. ಒಂದು, ಟ್ಯಾಂಕ್ ಮುಚ್ಚಳದ ಗಾಳಿಯ ತೂತು ಕಟ್ಟಿರುವುದು. ಆಫ್ ಆದ ತಕ್ಷಣ ಮುಚ್ಚಳ ತೆರೆಯಿರಿ. ಸ್ಸ್ ಎಂದು ಗಾಳಿ ಒಳಗೆ ಎಳೆದುಕೊಂಡು, ಆಮೇಲೆ ಸ್ಟಾರ್ಟ್ ಆದರೆ ಕಾರಣ ಅದೇ. ಇನ್ನೊಂದು, ಟ್ಯಾಂಕಿನೊಳಗಿನ ತುಕ್ಕು. ಮಳೆಗಾಲವೆಲ್ಲಾ ಶೆಡ್ಡಿನಲ್ಲಿ ಅರ್ಧ ಟ್ಯಾಂಕಿನೊಂದಿಗೆ ನಿಂತ ಗಾಡಿಗಳಲ್ಲಿ ಇದು ಸಾಮಾನ್ಯ. ಓಡುವಾಗ ಕಸ ಪೈಪಿನ ಬಾಯಿಗೆ ಬಂದು ಕೂರುತ್ತದೆ, ನಿಂತಾಗ ಕೆಳಗೆ ಇಳಿಯುತ್ತದೆ. ಆದರೆ ಇದು ಗುಡ್ಡೆ ಏರುವಾಗ ಕಾಡುತ್ತದೆಯೇ ಹೊರತು ಬ್ಲಾಕ್‌ನಲ್ಲಿ ಅಲ್ಲ.

ಪೆಟ್ರೋಲ್ ವಾಸನೆ ಜೋರಾಗಿದ್ದು ಪ್ಲಗ್ ಒದ್ದೆಯಾಗಿದ್ದರೆ ವಿಷಯ ಉಲ್ಟಾ: ಕಾರ್ಬುರೇಟರ್ ಬಟ್ಟಲಿನ ಪೆಟ್ರೋಲ್ ಕುದಿದು ಒಳಗೆ ಉಕ್ಕಿದೆ. ಚೋಕ್ ಎಳೆಯಬೇಡಿ. ಎಕ್ಸಲೇಟರನ್ನು ಪೂರ್ತಿ ಒತ್ತಿ ಹಿಡಿದು, ಪದೇ ಪದೇ ತುಳಿಯದೆ, ಹತ್ತು ಸೆಕೆಂಡ್ ಸೆಲ್ಫ್ ಹೊಡೆಯಿರಿ.

ವೇಪರ್ ಲಾಕ್ ಎಂದು ಖಚಿತವಾದರೆ ರಿಪೇರಿ ದೊಡ್ಡದಲ್ಲ. ಪೆಟ್ರೋಲ್ ಪೈಪ್ ಸೈಲೆನ್ಸರ್ ಪೈಪಿನ ಹತ್ತಿರ ಹಾದುಹೋಗುವಲ್ಲಿ ದೂರ ಸರಿಸಿ ಕ್ಲಿಪ್ ಹಾಕಿಸಿ, ನಡುವೆ ತೆಳು ಅಲ್ಯುಮಿನಿಯಂ ತಗಡು ಅಡ್ಡ ಕೊಡಿಸಿ. ಕಾರ್ಬುರೇಟರ್ ಕೆಳಗಿನ ದಪ್ಪ ಬೇಕಲೈಟ್ ಪ್ಯಾಕಿಂಗ್ ಇದೆಯೇ ನೋಡಿ, ಹಿಂದೆ ಯಾರೋ ಬಿಚ್ಚಿದಾಗ ಅದನ್ನು ಬಿಟ್ಟು ಬರೀ ಕಾಗದದ ಪ್ಯಾಕಿಂಗ್ ಹಾಕಿರುವ ಸಾಧ್ಯತೆ ಉಂಟು. ಹಳೇ ರಬ್ಬರ್ ಹೋಸ್‌ಗಳನ್ನೂ ಪಂಪಿನ ಡಯಾಫ್ರಮ್ಮನ್ನೂ ಎಥನಾಲ್ ತಾಳುವಂಥದ್ದಕ್ಕೆ ಬದಲಿಸಿ. ಕೂದಲಿನಷ್ಟು ಬಿರುಕಿದ್ದರೂ ಎಳೆತದ ಹೋಸ್ ಗಾಳಿ ಸೇದುತ್ತದೆ, ಹೊರಗೆ ಒಂದು ಹನಿಯೂ ಸೋರದು. ಪಾಯಿಂಟ್ ಗ್ಯಾಪ್ 0.4ರಿಂದ 0.5 ಮಿ.ಮೀ.ಯೊಳಗೆ ಇಟ್ಟು ಟೈಮಿಂಗ್ (ಕಿಡಿ ಹಾರುವ ಹೊತ್ತು) ನೋಡಿಸಿ, ಟೈಮಿಂಗ್ ಹಿಂದೆ ಬಿದ್ದರೆ ಎಂಜಿನ್ ಸುಮ್ಮನೆ ಬಿಸಿಯಾಗುತ್ತದೆ. ಪೈಪಿಗೆ ಮರದ ಬಟ್ಟೆ ಕ್ಲಿಪ್ ಸಿಕ್ಕಿಸುವ ಉಪಾಯ ಯಾರಾದರೂ ಹೇಳಿದರೆ ನಕ್ಕು ಸುಮ್ಮನಿರಿ.

ಇಷ್ಟಕ್ಕೂ ಬಗ್ಗದಿದ್ದರೆ ಟ್ಯಾಂಕಿನ ಹತ್ತಿರ ಎಲೆಕ್ಟ್ರಿಕ್ ಪಂಪ್ ಹಾಕಿಸಬಹುದು. ಅಲ್ಲಿಂದ ತಳ್ಳಿದ ಪೆಟ್ರೋಲ್ ಎಳೆದದ್ದರಷ್ಟು ಸುಲಭವಾಗಿ ಕುದಿಯುವುದಿಲ್ಲ. ಕಾರ್ಬುರೇಟರ್ ಗಾಡಿಗೆಂದೇ ಇರುವ, 2ರಿಂದ 3 ಪಿಎಸ್‌ಐ ಒತ್ತಡದ ಪಂಪನ್ನೇ ಕೇಳಿ. ಗುಜರಿಯಲ್ಲಿ ಸಿಕ್ಕಿತೆಂದು ಎಂಪಿಎಫ್‌ಐ (ಕಾರ್ಬುರೇಟರ್ ಬದಲು ಇಂಜೆಕ್ಟರ್ ಇರುವ) ಕಾರಿನ ಪಂಪ್ ಹಾಕಿದರೆ ಅದರ ಒತ್ತಡವನ್ನು ಕಾರ್ಬುರೇಟರ್ ಬಟ್ಟಲಿಗೆ ಪೆಟ್ರೋಲ್ ಬಿಟ್ಟು ನಿಲ್ಲಿಸುವ ಫ್ಲೋಟ್ ಸೂಜಿ ತಡೆಯಲಾರದು, ಪೆಟ್ರೋಲ್ ಬಿಸಿ ಎಂಜಿನ್ ಮೇಲೆ ಉಕ್ಕುತ್ತದೆ. ಎಂಜಿನ್ ನಿಂತ ಕೂಡಲೇ ಪಂಪಿನ ಕರೆಂಟ್ ಕಡಿಯುವಂತೆ ಆಯಿಲ್ ಪ್ರೆಶರ್ ಸ್ವಿಚ್ ಮೂಲಕ ವಯರಿಂಗ್ ಮಾಡಿಸಿ, ಫ್ಯೂಸ್ ಬೇರೆಯೇ ಇರಲಿ.