ಡಿಸ್ಕ್ ಕೈಕೊಟ್ಟಾಗ ಫೈಲ್‌ಸಿಸ್ಟಮ್ ಏನು ಮಾಡಬೇಕು: ಓದುವ ದೋಷ, ಬರೆಯುವ ದೋಷ

ಡಿಸ್ಕ್‌ನಿಂದ ಓದಲಾಗದಿದ್ದರೂ ಡಿಸ್ಕ್‌ಗೆ ಬರೆಯಲಾಗದಿದ್ದರೂ ಕರ್ನಲ್ (ಆಪರೇಟಿಂಗ್ ಸಿಸ್ಟಮ್‌ನ ತಿರುಳು) ಸಾಮಾನ್ಯವಾಗಿ ಹೇಳುವುದು ‘ಇಐಒ’ (ಇನ್‌ಪುಟ್-ಔಟ್‌ಪುಟ್ ದೋಷ) ಎಂಬ ಒಂದೇ ಮಾತು. ಆದರೆ ಈ ಎರಡು ದೋಷಗಳ ಸ್ವಭಾವ ಬೇರೆ ಬೇರೆ. ಓದುವಾಗ, ದತ್ತಾಂಶ ಕೇಳಿದ ಪ್ರೋಗ್ರಾಂ ಉತ್ತರಕ್ಕಾಗಿ ಕಾದು ನಿಂತಿರುತ್ತದೆ; ಆದ್ದರಿಂದ ದೋಷವನ್ನು ಯಾರಿಗೆ ತಿಳಿಸಬೇಕೆಂಬ ಗೊಂದಲವಿಲ್ಲ. ಬರೆಯುವಾಗ ಹಾಗಲ್ಲ: ‘ಆಯಿತು’ ಎಂಬ ಉತ್ತರವನ್ನು ಮೊದಲೇ ಕೊಟ್ಟು, ನಿಜವಾದ ಕೆಲಸವನ್ನು ಆಮೇಲೆ ಮಾಡುವುದು, ಫೈಲ್‌ಗಳನ್ನು ಡಿಸ್ಕ್‌ನಲ್ಲಿ ಜೋಡಿಸಿಡುವ ಇಂದಿನ ಫೈಲ್‌ಸಿಸ್ಟಮ್‌ಗಳ ರೂಢಿ. ಈ ವಿಷಯದ ಕಷ್ಟವೆಲ್ಲ ಬಹುಮಟ್ಟಿಗೆ ಅಲ್ಲಿಂದಲೇ ಹುಟ್ಟುತ್ತದೆ.

ಓದುವ ದೋಷವನ್ನು ಮೊದಲು ಮುಗಿಸೋಣ. ಒಂದು ಸೆಕ್ಟರ್ (ಡಿಸ್ಕ್‌ನ ಒಂದು ಚಿಕ್ಕ ವಿಭಾಗ) ಓದಲಾಗದಿದ್ದರೆ ಡಿಸ್ಕ್ ತಾನೇ ಹಲವು ಬಾರಿ ಪ್ರಯತ್ನಿಸಿ, ಸೋತ ಮೇಲಷ್ಟೇ ದೋಷವನ್ನು ವರದಿ ಮಾಡುತ್ತದೆ. ಹೀಗಾಗಿ ಫೈಲ್‌ಸಿಸ್ಟಮ್ ಮತ್ತೆ ಮತ್ತೆ ಅದನ್ನೇ ಕೇಳುವುದರಿಂದ ಕಾಲಹರಣವೇ ಹೆಚ್ಚು. ಇನ್ನೊಂದು ಪ್ರತಿ ಇದ್ದರೆ ಅದನ್ನು ಓದಿ, ಕೆಟ್ಟ ಜಾಗದ ಮೇಲೆ ಮರಳಿ ಬರೆಯುವುದೇ ಸರಿಯಾದ ಕ್ರಮ, ಏಕೆಂದರೆ ಆ ಬರಹವು ಸೆಕ್ಟರನ್ನು ಮೀಸಲು ಜಾಗಕ್ಕೆ ಬದಲಿಸಿಕೊಳ್ಳಲು ಡಿಸ್ಕ್‌ಗೆ ಅವಕಾಶ ಕೊಡುತ್ತದೆ. ಝಡ್‌ಎಫ್‌ಎಸ್ ಮತ್ತು ಬಿಟಿಆರ್‌ಎಫ್‌ಎಸ್ ಎಂಬ ಫೈಲ್‌ಸಿಸ್ಟಮ್‌ಗಳು ಚೆಕ್‌ಸಮ್‌ನ (ದತ್ತಾಂಶ ಬದಲಾಗಿದೆಯೇ ಎಂದು ತಿಳಿಸುವ ಪರೀಕ್ಷಾ ಸಂಖ್ಯೆಯ) ನೆರವಿನಿಂದ, ಡಿಸ್ಕ್ ದೋಷವನ್ನೇ ಹೇಳದೆ ತಪ್ಪು ದತ್ತಾಂಶ ಕೊಟ್ಟಾಗಲೂ ಹೀಗೆ ದುರಸ್ತಿ ಮಾಡಬಲ್ಲವು. ಇಎಕ್ಸ್‌ಟಿ4 ಮತ್ತು ಎಕ್ಸ್‌ಎಫ್‌ಎಸ್ ಎಂಬ ಫೈಲ್‌ಸಿಸ್ಟಮ್‌ಗಳ ಚೆಕ್‌ಸಮ್ ಮೆಟಾಡೇಟಾಕ್ಕೆ (ಫೈಲ್‌ಗಳ ಹೆಸರು, ಜಾಗ ಮುಂತಾದ ಒಳಲೆಕ್ಕಕ್ಕೆ) ಸೀಮಿತವಾದುದರಿಂದ ಫೈಲಿನೊಳಗಿನ ತಪ್ಪು ಅವುಗಳ ಕಣ್ಣಿಗೆ ಬೀಳದು. ಬೇರೆ ಪ್ರತಿಯೇ ಇಲ್ಲದಿದ್ದರೆ ದೋಷವನ್ನು ಇದ್ದಂತೆಯೇ ಮರಳಿಸಬೇಕು. ಸೊನ್ನೆ ತುಂಬಿಸಿ ಕೊಡುವುದು ಅಕ್ಷಮ್ಯ.

ಈಗ ಬರೆಯುವ ದೋಷ. ಲಿನಕ್ಸ್‌ನಲ್ಲಿ ಒಂದು ಪ್ರೋಗ್ರಾಂ 4096 ಬೈಟ್‌ಗಳನ್ನು ಬರೆಯುತ್ತದೆ ಎಂದುಕೊಳ್ಳಿ. ‘ರೈಟ್’ ಕರೆ 4096 ಎಂದು ಉತ್ತರಿಸುತ್ತದೆ, ಆದರೆ ದತ್ತಾಂಶ ಇನ್ನೂ ಪೇಜ್ ಕ್ಯಾಶ್‌ನಲ್ಲೇ, ಅಂದರೆ ಮೆಮೊರಿಯಲ್ಲಿ ಪುಟಗಳಾಗಿ ಇಟ್ಟ ತಾತ್ಕಾಲಿಕ ಸಂಗ್ರಹದಲ್ಲೇ, ಇರುತ್ತದೆ. ಸಾಮಾನ್ಯ ಹೊಂದಿಕೆಯಲ್ಲಿ ಸುಮಾರು 30 ಸೆಕೆಂಡುಗಳ ಬಳಿಕ ಕರ್ನಲ್ ಆ ಪುಟವನ್ನು ಡಿಸ್ಕ್‌ಗೆ ಕಳುಹಿಸುತ್ತದೆ, ಅದು ವಿಫಲವಾಗುತ್ತದೆ. ಆಮೇಲೆ ಪ್ರೋಗ್ರಾಂ ‘ಎಫ್‌ಸಿಂಕ್’ (ಬಾಕಿ ಇರುವುದನ್ನೆಲ್ಲ ಈಗಲೇ ಡಿಸ್ಕ್‌ಗೆ ಬರೆದು ಮುಗಿಸು ಎಂಬ ಕರೆ) ಕರೆದರೆ ಇಐಒ ಸಿಗುತ್ತದೆ. ಎಚ್ಚರಿಕೆಯ ಪ್ರೋಗ್ರಾಂ ಇನ್ನೊಮ್ಮೆ ಎಫ್‌ಸಿಂಕ್ ಕರೆಯುತ್ತದೆ, ಈ ಬಾರಿ ಯಶಸ್ಸು ಎಂಬ ಉತ್ತರ ಬರುತ್ತದೆ. ಆದರೆ ದತ್ತಾಂಶ ಡಿಸ್ಕ್ ತಲುಪಿಯೇ ಇಲ್ಲ. ಮೊದಲ ವೈಫಲ್ಯದ ನಂತರ ಕರ್ನಲ್ ಆ ಪುಟವನ್ನು ‘ಬರೆದಾಗಿದೆ’ ಎಂಬ ಸ್ಥಿತಿಗೆ ತಂದಿರುತ್ತದೆ. ಎರಡನೆಯ ಕರೆಗೆ ಬರೆಯಲು ಏನೂ ಉಳಿದಿರುವುದಿಲ್ಲ. ಇಎಕ್ಸ್‌ಟಿ4ನಲ್ಲಿ ಫೈಲನ್ನು ಮತ್ತೆ ಓದಿ ಪರೀಕ್ಷಿಸಿದರೂ ಕ್ಯಾಶ್‌ನಲ್ಲಿರುವ ಹೊಸ ದತ್ತಾಂಶವೇ ಕಾಣಿಸಿ ಮೋಸವಾಗುತ್ತದೆ.

ಇದು ಬರೀ ಅಜಾಗರೂಕತೆಯಲ್ಲ ಎಂಬುದನ್ನೂ ಹೇಳಬೇಕು. ಯುಎಸ್‌ಬಿ ಡ್ರೈವ್ ಕಿತ್ತುಹಾಕಿದ ಮೇಲೆ ಅದಕ್ಕೆ ಸೇರಬೇಕಿದ್ದ ಪುಟಗಳನ್ನು ಎಂದೆಂದಿಗೂ ಹಿಡಿದಿಟ್ಟುಕೊಂಡರೆ ಮೆಮೊರಿಯೇ ತುಂಬಿಹೋಗುತ್ತದೆ. ಕಾರಣ ಸಮಂಜಸವಾದರೂ ಎರಡನೆಯ ಬಾರಿಯ ‘ಯಶಸ್ಸು’ ಸಮರ್ಥನೀಯವಲ್ಲ ಎಂಬುದು ನನ್ನ ಅಭಿಪ್ರಾಯ.

ಲಿನಕ್ಸ್ 4.13ಕ್ಕೆ ಮುಂಚೆ ಪರಿಸ್ಥಿತಿ ಇನ್ನೂ ಹದಗೆಟ್ಟಿತ್ತು. ದೋಷದ ಗುರುತು ಫೈಲಿಗೆ ಒಂದೇ ಇದ್ದು, ಮೊದಲು ಎಫ್‌ಸಿಂಕ್ ಕರೆದವರಿಗೆ ಅದು ತಲುಪಿ ಅಳಿಸಿಹೋಗುತ್ತಿತ್ತು. ಅದೇ ಫೈಲನ್ನು ತೆರೆದಿದ್ದ ಉಳಿದವರಿಗೆ ಸುದ್ದಿಯೇ ಇರುತ್ತಿರಲಿಲ್ಲ. 2017ರಲ್ಲಿ ಬಂದ ಆ ಆವೃತ್ತಿಯಿಂದ, ದೋಷ ಸಂಭವಿಸಿದಾಗ ಫೈಲನ್ನು ತೆರೆದಿಟ್ಟುಕೊಂಡ ಪ್ರತಿಯೊಬ್ಬರಿಗೂ ಒಂದು ಬಾರಿ ಅದು ತಿಳಿಯುವ ವ್ಯವಸ್ಥೆಯಾಯಿತು. 2018ರಲ್ಲಿ ಪೋಸ್ಟ್‌ಗ್ರೆಸ್‌ಕ್ಯೂಎಲ್ ಅಭಿವೃದ್ಧಿಗಾರರ ನಡುವೆ ಇದೇ ವಿಷಯ ದೊಡ್ಡ ಚರ್ಚೆಯಾಯಿತು, ಏಕೆಂದರೆ ವಿಫಲವಾದ ಎಫ್‌ಸಿಂಕನ್ನು ಮತ್ತೆ ಕರೆದರೆ ಸಾಕೆಂಬ ನಂಬಿಕೆಯ ಮೇಲೆ ಆ ಡೇಟಾಬೇಸ್ ನಿಂತಿತ್ತು. 2019ರ ಫೆಬ್ರವರಿಯ 11.2 ಆವೃತ್ತಿಯಿಂದ ಅದು ದತ್ತಾಂಶ ಫೈಲಿನ ಎಫ್‌ಸಿಂಕ್ ವಿಫಲವಾದೊಡನೆ ಕುಸಿದುಬಿದ್ದು, ಬದಲಾವಣೆಗಳನ್ನು ಮೊದಲೇ ಬರೆದಿಡುವ ತನ್ನ ಲಾಗ್‌ನಿಂದ ಚೇತರಿಸಿಕೊಳ್ಳುವ ದಾರಿ ಹಿಡಿಯಿತು. ಒರಟಾಗಿ ಕಂಡರೂ ಅದು ಪ್ರಾಮಾಣಿಕ ನಡೆ.

ಮೆಟಾಡೇಟಾದ ವಿಷಯದಲ್ಲಿ ದೋಷವನ್ನು ಪ್ರೋಗ್ರಾಂಗೆ ಒಪ್ಪಿಸಿ ಕೈತೊಳೆದುಕೊಳ್ಳಲು ಬರುವುದಿಲ್ಲ. ಫೈಲ್‌ಸಿಸ್ಟಮ್ ತಾನೇ ನಿರ್ಧರಿಸಬೇಕು. ಇಎಕ್ಸ್‌ಟಿ4 ಮೂರು ದಾರಿಗಳನ್ನು ಕೊಡುತ್ತದೆ: ಮುಂದುವರಿಯುವುದು, ಓದಲು ಮಾತ್ರ ಬಿಡುವುದು, ಇಡೀ ಯಂತ್ರವನ್ನೇ ನಿಲ್ಲಿಸುವುದು. ಇವುಗಳಲ್ಲಿ ಮೊದಲನೆಯದು ಅತ್ಯಂತ ಅಪಾಯಕಾರಿ, ಏಕೆಂದರೆ ಯಾವ ಬ್ಲಾಕ್ ಖಾಲಿ ಎಂಬ ಲೆಕ್ಕವೇ ತಪ್ಪಿದ್ದರೆ ಮುಂದಿನ ಬರಹ ಒಳ್ಳೆಯ ಫೈಲೊಂದನ್ನು ಅಳಿಸಬಹುದು. ಝಡ್‌ಎಫ್‌ಎಸ್, ಪೂಲ್‌ನ (ತಾನು ಒಟ್ಟುಗೂಡಿಸಿ ಬಳಸುವ ಡಿಸ್ಕ್‌ಗಳ ಗುಂಪಿನ) ಡಿಸ್ಕ್‌ಗಳು ಸಂಪರ್ಕ ಕಳೆದುಕೊಂಡಾಗ, ಅವು ಮರಳಿ ದೊರೆತು ದೋಷ ತೆರವಾಗುವವರೆಗೆ ಎಲ್ಲವನ್ನೂ ತಡೆಹಿಡಿದು ಕಾಯುವುದನ್ನೇ ಪೂರ್ವನಿಯೋಜಿತವಾಗಿ ಆರಿಸಿಕೊಂಡಿದೆ.

ಎಕ್ಸ್‌ಎಫ್‌ಎಸ್‌ನ ವಿವೇಚನೆ ನನಗೆ ಹೆಚ್ಚು ಸೂಕ್ಷ್ಮವೆನಿಸುತ್ತದೆ. ಜರ್ನಲ್‌ಗೆ (ಮೆಟಾಡೇಟಾ ಬದಲಾವಣೆಗಳನ್ನು ಮೊದಲು ದಾಖಲಿಸುವ ಜಾಗಕ್ಕೆ) ಬರೆಯುವುದೇ ವಿಫಲವಾದರೆ ಅದು ಫೈಲ್‌ಸಿಸ್ಟಮನ್ನು ಕೂಡಲೇ ಮುಚ್ಚುತ್ತದೆ. ಆದರೆ ಜರ್ನಲ್‌ನಲ್ಲಿ ಈಗಾಗಲೇ ಭದ್ರವಾಗಿರುವ ಮೆಟಾಡೇಟಾವನ್ನು ಅದರ ಸ್ವಸ್ಥಾನಕ್ಕೆ ಬರೆಯುವಾಗ ಇಐಒ ಬಂದರೆ, ಪೂರ್ವನಿಯೋಜಿತವಾಗಿ ಮಿತಿಯಿಲ್ಲದೆ ಮರುಪ್ರಯತ್ನಿಸುತ್ತದೆ; ಅದರ ಒಂದು ಪ್ರತಿ ಜರ್ನಲ್‌ನಲ್ಲಿ ಇರುವ ಕಾರಣ ಕಾಯುವುದರಿಂದ ನಷ್ಟವಿಲ್ಲ, ಜರ್ನಲ್‌ನ ಜಾಗ ತೆರವಾಗದೆ ಕೆಲಸ ನಿಲ್ಲಬಹುದು, ಅಷ್ಟೆ. ಈ ಮಿತಿಯನ್ನು ಆಡಳಿತಗಾರರು ದೋಷದ ಬಗೆಗೆ ತಕ್ಕಂತೆ ಬದಲಿಸಬಹುದು. ಅನ್‌ಮೌಂಟ್ ಮಾಡುವಾಗ (ಫೈಲ್‌ಸಿಸ್ಟಮನ್ನು ಬಳಕೆಯಿಂದ ಬಿಡಿಸುವಾಗ) ಮಾತ್ರ ಈ ತಾಳ್ಮೆಗೆ ಅರ್ಥವಿಲ್ಲ, ಡಿಸ್ಕ್ ಸತ್ತಿದ್ದರೆ ಅನ್‌ಮೌಂಟ್ ಮುಗಿಯುವುದೇ ಇಲ್ಲ; ಆದ್ದರಿಂದ ಆ ಹಂತದಲ್ಲಿ ಮರುಪ್ರಯತ್ನವನ್ನು ಬಿಟ್ಟು ಸೋಲನ್ನು ಒಪ್ಪಿಕೊಳ್ಳುವ ಪ್ರತ್ಯೇಕ ಹೊಂದಿಕೆಯೊಂದನ್ನು ಸೇರಿಸಲಾಗಿದೆ.