ಬಾಸ್ಟನ್‌ನಲ್ಲಿ ಗುಲಾಮರ ಫಲಕ ಯಾಕೆ? ಅದು ದಕ್ಷಿಣದ ಕಥೆ ಅಲ್ವಾ?

ಪ್ರಶ್ನೆ: ಅಪ್ಪ ಅಮ್ಮನಿಗೆ ಹಾರ್ವರ್ಡ್ ತೋರಿಸಲು ಹೋಗಿದ್ದಾಗ ಒಂದು ಹಳದಿ ಮನೆಯ ಗೋಡೆ ಮೇಲೆ ಗುಲಾಮರ ಹೆಸರಿರುವ ಫಲಕ ನೋಡಿದೆವು. ಗುಲಾಮಗಿರಿ ಇದ್ದದ್ದು ಅಮೆರಿಕದ ದಕ್ಷಿಣ ರಾಜ್ಯಗಳಲ್ಲಿ ತಾನೇ? ಉತ್ತರದವರು ಅದರ ವಿರುದ್ಧ ಯುದ್ಧ ಮಾಡಿದವರು. ಅವರು ಇದನ್ನು ಯಾಕೆ ಮೈಮೇಲೆ ಎಳೆದುಕೊಂಡಿದ್ದಾರೆ?

ಬೇಸಿಗೆ ಬಂತು, ಊರಿಂದ ಅಪ್ಪ ಅಮ್ಮಂದಿರು ಬಂದರು, ಹಿಂದೆಯೇ ಈ ಪ್ರಶ್ನೆಯೂ ಬಂತು. ಎಷ್ಟನೇ ಸಲ ಅಂತ ಲೆಕ್ಕ ಬಿಟ್ಟಿದ್ದೇನೆ. ಜಾನ್ ಹಾರ್ವರ್ಡ್ ಪ್ರತಿಮೆಯ ಕಾಲು ಮುಟ್ಟಿ ಫೋಟೋ ತೆಗೆಸಿಕೊಳ್ಳುವ ನೂರು ಜನರಲ್ಲಿ ಆ ಫಲಕ ಓದುವವರು ನಾಲ್ಕೈದು ಜನ ಇರಬಹುದು. ನೀವು ಓದಿದಿರಲ್ಲ, ಅದಕ್ಕೇ ಈ ಸಲವೂ ಉತ್ತರ.

ಆ ಹಳದಿ ಮನೆ ವಾಡ್ಸ್‌ವರ್ತ್ ಹೌಸ್, 1726ರದು. ಕಾಲೇಜಿನ ಅಧ್ಯಕ್ಷರು ಇರಲೆಂದು ಕಟ್ಟಿದ್ದು. ಫಲಕ ಹಾಕಿದ್ದು 2016ರಲ್ಲಿ. ಅದರಲ್ಲಿರುವುದು ನಾಲ್ಕು ಹೆಸರು: ಟೈಟಸ್, ವೀನಸ್, ಬಿಲ್ಹಾ, ಜೂಬಾ. ಅಧ್ಯಕ್ಷರ ಹೆಸರು ಪೂರ್ತಿ ಇದೆ, ಇವರಿಗೆ ಮನೆತನದ ಹೆಸರೇ ಇಲ್ಲ. ಇವರು ಗುಲಾಮರಾಗಿ ದುಡಿದದ್ದು ಜಾರ್ಜಿಯಾದ ಹತ್ತಿ ಹೊಲದಲ್ಲಲ್ಲ, ಇದೇ ಮನೆಯಲ್ಲಿ. ಫಲಕ ಇನ್ನೆಲ್ಲಿ ಹಾಕಬೇಕಿತ್ತು ಹೇಳಿ?

ಈಗ ಆ ‘ದಕ್ಷಿಣದ ಕಥೆ’ಗೆ ಬರೋಣ. ಉತ್ತರ ಅಮೆರಿಕದ ಇಂಗ್ಲಿಷ್ ವಸಾಹತುಗಳಲ್ಲಿ ಗುಲಾಮಗಿರಿಯನ್ನು ಮೊದಲು ಕಾನೂನಿನಲ್ಲಿ ಬರೆದಿಟ್ಟದ್ದು ದಕ್ಷಿಣದ ವರ್ಜೀನಿಯಾ ಅಲ್ಲ, ಬಾಸ್ಟನ್ ಇರುವ ಇದೇ ಮಸಾಚುಸೆಟ್ಸ್. 1641ರಲ್ಲಿ. ಆ ಕಾನೂನಿನ ಧಾಟಿ ನೋಡಿ: ನಮ್ಮಲ್ಲಿ ಯಾರೂ ಗುಲಾಮರಿಲ್ಲ, ನ್ಯಾಯವಾದ ಯುದ್ಧದಲ್ಲಿ ಸೆರೆ ಸಿಕ್ಕವರು, ತಮ್ಮನ್ನು ತಾವೇ ಮಾರಿಕೊಂಡವರು, ಬೇರೆಯವರು ನಮಗೆ ಮಾರಿದವರು, ಇವರನ್ನು ಬಿಟ್ಟು. ಇವರನ್ನೆಲ್ಲ ಬಿಟ್ಟ ಮೇಲೆ ಇನ್ಯಾರು ಉಳಿದರು ಸ್ವಾಮಿ?

‘ಇದ್ದರೂ ಒಂದಿಬ್ಬರು ಮನೆಕೆಲಸದವರು ಇದ್ದಿರಬೇಕು’ ಅನ್ನುತ್ತಾರೆ. ಹಾಗಾದರೆ ಮೆಡ್‌ಫರ್ಡ್‌ಗೆ ಹೋಗಿ ಬನ್ನಿ. ಬಾಸ್ಟನ್‌ನಿಂದ ಅರ್ಧ ಗಂಟೆ ದಾರಿ. ಅಲ್ಲಿ ರಾಯಲ್ ಕುಟುಂಬದ ಬಂಗಲೆ ಇದೆ, ಪಕ್ಕದಲ್ಲೇ ಗುಲಾಮರಿದ್ದ ಕಟ್ಟಡವೂ ಇದೆ. ಆಂಟಿಗುವಾದ ಸಕ್ಕರೆ ತೋಟದ ದುಡ್ಡಿನಲ್ಲಿ ಬಂದ ಈ ಕುಟುಂಬ ಅಲ್ಲಿ ಇಟ್ಟುಕೊಂಡಿದ್ದ ಗುಲಾಮರು 60ಕ್ಕೂ ಜಾಸ್ತಿ. ಅವರಲ್ಲಿ ಬೆಲಿಂಡಾ ಸಟ್ಟನ್ ಒಬ್ಬಳು. ಅವಳ ಒಡೆಯ ಐಸಾಕ್ ರಾಯಲ್ ಅಮೆರಿಕದ ಕ್ರಾಂತಿಯ ಹೊತ್ತಿಗೆ ಬ್ರಿಟಿಷರ ಕಡೆ ಸೇರಿ ಓಡಿಹೋದ. 1783ರಲ್ಲಿ ಈ ಮುದುಕಿ, ಐವತ್ತು ವರ್ಷ ದುಡಿದಿದ್ದೇನೆ, ಅವನ ಆಸ್ತಿಯಲ್ಲಿ ನನಗೆ ಪಿಂಚಣಿ ಕೊಡಿ ಅಂತ ಶಾಸನಸಭೆಗೆ ಅರ್ಜಿ ಹಾಕಿದಳು. ವರ್ಷಕ್ಕೆ 15 ಪೌಂಡ್ 12 ಶಿಲ್ಲಿಂಗ್ ಮಂಜೂರಾಯಿತು. ಆದರೆ ಮಂಜೂರಾದದ್ದು ಕೈಗೆ ಬರಬೇಕಲ್ಲ! ಮತ್ತೆ ಅರ್ಜಿ, ಮತ್ತೆ ಅರ್ಜಿ. ಅತ್ತ ಅದೇ ರಾಯಲ್‌ನ ಉಯಿಲಿನ ಆಸ್ತಿ ಮಾತ್ರ ಹಾರ್ವರ್ಡ್‌ಗೆ ಸೇರಿ, ಅದರಿಂದ ಅಲ್ಲಿನ ಮೊದಲ ಕಾನೂನು ಪ್ರಾಧ್ಯಾಪಕ ಹುದ್ದೆ ಶುರುವಾಯಿತು. ಆ ಮನೆತನದ ಲಾಂಛನದ ಮೂರು ಗೋಧಿ ಸಿವುಡುಗಳು 2016ರವರೆಗೂ ಲಾ ಸ್ಕೂಲಿನ ಲಾಂಛನದಲ್ಲಿದ್ದವು.

ಮನೆಯಲ್ಲಿ ಗುಲಾಮರನ್ನು ಇಟ್ಟುಕೊಳ್ಳದವರ ಅನ್ನವೂ ಗುಲಾಮಗಿರಿಯಿಂದಲೇ ಬರುತ್ತಿತ್ತು. ಬಾಸ್ಟನ್‌ನ ಶಾಸನಸಭೆ ಕಟ್ಟಡ ಸ್ಟೇಟ್ ಹೌಸ್‌ನಲ್ಲಿ ಮರದ ಕಾಡ್ ಮೀನೊಂದು ಮೇಲೆ ತೂಗುತ್ತಿದೆ, ನೋಡಿರಬಹುದು. ಇಲ್ಲಿನವರ ವ್ಯಾಪಾರ ಆ ಮೀನಿನದೇ: ಒಳ್ಳೆ ಉಪ್ಪುಮೀನು ಯುರೋಪಿಗೆ ಹೋಗುತ್ತಿತ್ತು, ಕಳಪೆಯದು ಕೆರಿಬಿಯನ್ ತೋಟಗಳ ಗುಲಾಮರ ಹೊಟ್ಟೆಗೆ. ಅಲ್ಲಿಂದ ಕಾಕಂಬಿ ಇಲ್ಲಿಗೆ, ಕಾಕಂಬಿಯಿಂದ ರಮ್, ಆ ರಮ್ ಆಫ್ರಿಕಾಕ್ಕೆ, ಅದಕ್ಕೆ ಬದಲಾಗಿ ಮನುಷ್ಯರು. ಇದರಲ್ಲಿ ದಕ್ಷಿಣ ಎಲ್ಲಿ ಬಂತು?

ಹೌದು, 1790ರ ಜನಗಣತಿಯಲ್ಲಿ ಮಸಾಚುಸೆಟ್ಸ್‌ನ ಗುಲಾಮರ ಲೆಕ್ಕ ಸೊನ್ನೆ. ಒಪ್ಪುತ್ತೇನೆ. ಆದರೆ ಆ ಸೊನ್ನೆಗೆ ಬರಲು ಸುಮಾರು ನೂರೈವತ್ತು ವರ್ಷ ಹಿಡಿಯಿತು. ಅಧ್ಯಕ್ಷರು, ಮೇಷ್ಟರು, ಸಿಬ್ಬಂದಿ ಸೇರಿ 70ಕ್ಕೂ ಹೆಚ್ಚು ಜನರನ್ನು ಗುಲಾಮರಾಗಿ ಇಟ್ಟುಕೊಂಡಿದ್ದರು ಅಂತ ಹಾರ್ವರ್ಡ್ ತಾನೇ 2022ರ ವರದಿಯಲ್ಲಿ ಹೇಳಿ, 10 ಕೋಟಿ ಡಾಲರ್ ತೆಗೆದಿಡುತ್ತೇನೆ ಅಂದಿತು.

ಇನ್ನೊಂದು ವಿಷಯ. ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಡಿಸೈರ್ ಅನ್ನುವ ಹಡಗು 1638ರಲ್ಲಿ ಕೆರಿಬಿಯನ್‌ನಿಂದ ಬಾಸ್ಟನ್‌ಗೆ ಹತ್ತಿ, ತಂಬಾಕಿನ ಜೊತೆ ಆಫ್ರಿಕದ ಗುಲಾಮರನ್ನು ತಂದಿಳಿಸಿತು. ಹೋಗುವಾಗ ಅದು ಖಾಲಿ ಹೋಗಿರಲಿಲ್ಲ. ಯುದ್ಧದಲ್ಲಿ ಸೆರೆಸಿಕ್ಕ ಪೀಕ್ವಾಟ್ ಜನರನ್ನು, ಅಂದರೆ ಈ ನೆಲದ ಮೂಲನಿವಾಸಿಗಳನ್ನೇ, ಮಾರಲು ತುಂಬಿಕೊಂಡು ಹೋಗಿತ್ತು. ಈಚೆಗೆ ಸಭೆ ಶುರುವಾಗುವ ಮೊದಲು ‘ಇದು ಮಸಾಚುಸೆಟ್ ಜನರ ನೆಲ’ ಅಂತ ಇಲ್ಲಿನ ಮೂಲನಿವಾಸಿಗಳ ಹೆಸರು ಹೇಳಿ ಓದುತ್ತಾರಲ್ಲ, ಅದು ಬೇರೆ ಕಥೆ ಅಲ್ಲ, ಅದೇ ಹಡಗಿನ ಕಥೆ. ನೆಲ ವಾಪಸ್ ಕೊಡ್ತಾರಾ ಅಂದರೆ, ಸಭೆಯಲ್ಲಿ ಓದಿದ ಮಾತ್ರಕ್ಕೆ ಒಂದು ಗುಂಟೆಯೂ ವಾಪಸ್ ಹೋಗುವುದಿಲ್ಲ. ಸುಮ್ನೆ ಬಾಯಿಮಾತು ಅಂತ ಬೈಯುವವರಲ್ಲಿ ಆ ಜನರೂ ಇದ್ದಾರೆ. ಹೆಸರು ಮಾತ್ರ ರಾಜ್ಯಕ್ಕೆ ಅವರದೇ. ನಿಮ್ಮ ಕಾರಿನ ನಂಬರ್ ಪ್ಲೇಟ್ ಮೇಲೂ ಇದೆ.

ಮುಂದಿನ ಸಲ ಹೋದಾಗ ಪ್ರತಿಮೆಯಿಂದ ಮ್ಯಾಥ್ಯೂಸ್ ಹಾಲ್ ಕಡೆ ನಡೆಯಿರಿ. ಅಲ್ಲಿ 1997ರ ಫಲಕವೊಂದಿದೆ. ಆ ಜಾಗದಲ್ಲಿ 1650ರ ದಶಕದಲ್ಲಿ ಇಂಡಿಯನ್ ಕಾಲೇಜು ಕಟ್ಟಿದ್ದರು. ನಮ್ಮ ಇಂಡಿಯಾದವರಿಗಲ್ಲ, ಈ ನೆಲದ ಮೂಲನಿವಾಸಿ ಹುಡುಗರಿಗೆ. ಉತ್ತರ ಅಮೆರಿಕದಲ್ಲಿ ಅಚ್ಚಾದ ಮೊದಲ ಬೈಬಲ್ ಹೊರಬಂದದ್ದು ಅಲ್ಲಿಂದಲೇ, 1663ರಲ್ಲಿ. ಇಂಗ್ಲಿಷಿನಲ್ಲಲ್ಲ, ಈ ನೆಲದವರ ಭಾಷೆಯಲ್ಲಿ. ಕಟ್ಟಡವನ್ನು 1698ರಲ್ಲಿ ಕೆಡವಿ, ಅದರ ಇಟ್ಟಿಗೆಯನ್ನು ಇನ್ನೊಂದು ಕಟ್ಟಡಕ್ಕೆ ಹಾಕಿಕೊಂಡರು. ಆಮೇಲೆ ಅಂಗಳ ಅಗೆದಾಗ ಮಣ್ಣಿನಲ್ಲಿ ಆ ಕಾಲದ ಅಚ್ಚುಮೊಳೆ ಸಿಕ್ಕಿದೆ.